ಶಿಂಗಲ್ಸ್ ಮಾಡಿನ ಮೊಳೆ ಮತ್ತು ಮಳೆಗಾಲದ ಸೋರಿಕೆ

ಮೃಗಶಿರ ಮಳೆ ಹಿಡಿಯುವ ಮುಂಚೆ ಮಲೆನಾಡಿನ ಪ್ರತಿ ಮನೆಯಲ್ಲೂ ಮಾಡಿನ ಮೇಲೊಮ್ಮೆ ಆಳು ಹತ್ತುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಒಡೆದ ಹಂಚು ತೆಗೆದು ಹೊಸದು ಸೇರಿಸಿ, ಎರಡು ಮಾಡು ಕೂಡುವ ಮೂಲೆಯ ತಗಡಿನಲ್ಲಿ ಸೇರಿದ ದರಗು ಬಾಚಿ ಇಳಿದರೆ ಆ ವರ್ಷದ ಚಿಂತೆ ಬಹುಮಟ್ಟಿಗೆ ಮುಗಿದಂತೆ. ಆದರೆ ಇತ್ತೀಚಿನ ವರ್ಷಗಳಲ್ಲಿ ನಮ್ಮ ಸದಸ್ಯರಲ್ಲಿ ಹಲವರು ಹೊಸ ಮನೆಗೆ, ಹೋಂಸ್ಟೇಗೆ, ಕೆಲವರು ಗೋದಾಮಿನ ಮೇಲಂತಸ್ತಿಗೂ ಶಿಂಗಲ್ಸ್ ಹೊದಿಸಿದ್ದಾರೆ. ನೋಡಲು ಅಂದ, ಭಾರ ಕಡಿಮೆ, ಮಂಗನ ಕಾಟಕ್ಕೆ ಒಡೆಯುವುದಿಲ್ಲ ಎಂಬ ಕಾರಣಗಳು ಸುಳ್ಳಲ್ಲ. ಈ ಮಾಡಿಗೂ ತಪಾಸಣೆ ಬೇಕು, ಅದೂ ಹಂಚಿನ ಮಾಡಿನ ತಪಾಸಣೆಗಿಂತ ಬೇರೆ ತರಹದ್ದು, ಎಂಬುದು ಮಾತ್ರ ಇನ್ನೂ ಅನೇಕರಿಗೆ ತಿಳಿದಿಲ್ಲ.

ಕಳೆದ ಮಳೆಗಾಲದಲ್ಲಿ, ಪುನರ್ವಸು ಮಳೆಯ ಹೊತ್ತಿಗೆ, ನಮ್ಮ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು ಒಂದು ಕಾಗದದ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟರು. ಒಳಗಿದ್ದುದು ರಾಶಿ ಇಡಿ, ಮೇಲೆಲ್ಲ ಬೂಷ್ಟು. ಬೆಲೆ ಏರಲಿ ಎಂದು ಕಾದು ಮೇಲಂತಸ್ತಿನಲ್ಲಿ ಇಟ್ಟಿದ್ದ ಚೀಲಗಳಲ್ಲಿ ಗೋಡೆ ಬದಿಯ ನಾಲ್ಕು ಚೀಲ ಹೀಗಾಗಿತ್ತು. ಪಕ್ಕದಲ್ಲಿದ್ದ ಪಾರ್ಚ್‌ಮೆಂಟ್ ಕಾಫಿಯ ಎರಡು ಚೀಲವೂ ತೇವ ಹಿಡಿದಿತ್ತು. ಪಾರ್ಚ್‌ಮೆಂಟನ್ನು ಶೇಕಡ 10ರ ತೇವಾಂಶಕ್ಕೆ ಒಣಗಿಸಿ ಇಡುವುದು ಎಷ್ಟು ಕಷ್ಟವೆಂದು ನಮಗೆಲ್ಲ ಗೊತ್ತು; ಅದು ಮತ್ತೆ ನೀರು ಕುಡಿಯಲು ಒಂದು ರಾತ್ರಿ ಸಾಕು. ಮಾಡು ಹೊದಿಸಿ ಇನ್ನೂ ಮೂರು ಮಳೆಗಾಲ ಕಳೆದಿರಲಿಲ್ಲ. ಹೊದಿಸಿದ ಗುತ್ತಿಗೆಯವರನ್ನು ಕೇಳಿದರೆ, "ಶಿಂಗಲ್ಸ್ ಕಂಪೆನಿಯ ಮಾಲು, ಅದು ಸೋರುವುದೇ ಇಲ್ಲ" ಎಂದು ಹೇಳಿ ಕೈ ತೊಳೆದುಕೊಂಡಿದ್ದರು.

ಮಳೆ ಬಿಟ್ಟ ಮೇಲೆ ನಾವು ಇಬ್ಬರು, ನಮ್ಮ ಕಡೆಯ ಹಿರಿಯ ಬಡಗಿಯೊಬ್ಬರನ್ನು ಕರೆದುಕೊಂಡು ಹೋಗಿ ಆ ಮಾಡನ್ನು ನೋಡಿದೆವು. ಬೆಳಗಿನ ತಂಪಿನಲ್ಲಿ ಒಂದು ಚಪ್ಪಟೆ ಪಟ್ಟಿಯಿಂದ ಶಿಂಗಲ್ಸಿನ ಅಂಚನ್ನು ಮೆಲ್ಲಗೆ ಎಬ್ಬಿಸಿ ನೋಡಿದ ಆಚಾರ್ರು ಹೇಳಿದ್ದು ಇಷ್ಟೇ: "ಗೌಡ್ರೇ, ಇಲ್ನೋಡಿ. ಗೆರೆ ಇಲ್ಲಿದೆ, ಮೊಳೆ ಎರಡಿಂಚು ಮೇಲೆ ಹೊಡ್ದಿದಾರೆ. ಈ ಮೊಳೆಯ ತಲೆ ಶಿಂಗಲ್ಸಿನ ಒಳಗೇ ಹೂತ್ಹೋಗಿದೆ. ಮಾಲು ಚೆನ್ನಾಗೇ ಇದೆ ಬಿಡಿ."

ಹಾಗಾದರೆ ಮೊಳೆ ಹೇಗಿರಬೇಕು, ಎಲ್ಲಿರಬೇಕು ಎಂಬುದನ್ನು ತಿಳಿಯಲು ಮೊದಲು ಈ ಹೊದಿಕೆಯ ಸ್ವಭಾವ ತಿಳಿಯಬೇಕು.

ನಮ್ಮ ಹಂಚಿಗೂ ಇದಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ಕಡೆ ಬಂದ ಹಂಚು, ರೀಪಿನ ಮೇಲೆ ತನ್ನ ಕೊಕ್ಕೆಯಿಂದ ಜೋತು, ತನ್ನ ಭಾರದಿಂದಲೇ ಕೂರುತ್ತದೆ. ಅದಕ್ಕೆ ಮೊಳೆಯ ಹಂಗಿಲ್ಲ. ಶಿಂಗಲ್ಸ್ ಹಾಗಲ್ಲ. ಗಾಜಿನ ನಾರಿನ ಹಾಸಿಗೆ ಡಾಂಬರು ತುಂಬಿ, ಮೇಲೆ ಕಲ್ಲಿನ ಹರಳು ಉದುರಿಸಿ ಮಾಡಿದ ತೆಳು ಹಾಳೆ ಅದು. ಹುಟ್ಟಿದ್ದು ಅಮೆರಿಕದಲ್ಲಿ, ಅಲ್ಲಿ ಮೊದಲು ಮರದ ಸೀಳುಗಳನ್ನು ಹೊದಿಸುತ್ತಿದ್ದರು, ಇಪ್ಪತ್ತನೆಯ ಶತಮಾನದ ಆರಂಭದಿಂದ ಡಾಂಬರಿನ ಹಾಳೆ ಬಂತು. ಅದಕ್ಕೆ ಸ್ವಂತ ಬಿಗಿಯಿಲ್ಲ, ಭಾರವೂ ಸಾಲದು. ಅದನ್ನು ಹಿಡಿದಿಡುವುದು ಎರಡೇ: ಹಾಳೆಗೆ ಹಚ್ಚಿರುವ ಡಾಂಬರಿನ ಅಂಟುಪಟ್ಟಿ ಮತ್ತು ಮೊಳೆ.

ಸಾಮಾನ್ಯವಾಗಿ ಬಳಕೆಯಲ್ಲಿರುವ ಒಂದು ಅಳತೆಯನ್ನೇ ತೆಗೆದುಕೊಳ್ಳೋಣ. ಹಾಳೆ 3 ಅಡಿ ಉದ್ದ, 12 ಇಂಚು ಅಗಲ. ಈ 12 ಇಂಚಿನಲ್ಲಿ ಹೊರಗೆ ಕಾಣುವುದು ಕೆಳಗಿನ 5 ಇಂಚು ಮಾತ್ರ. ಉಳಿದ 7 ಇಂಚು ಮೇಲಿನ ಸಾಲಿನ ಅಡಿಗೆ ಹೋಗುತ್ತದೆ. ಮೊಳೆ ಹೊಡೆಯಬೇಕಾದುದು ಕೆಳ ಅಂಚಿನಿಂದ ಸುಮಾರು ಐದೂವರೆ ಇಂಚಿಗೆ ಸ್ವಲ್ಪ ಮೇಲೆ, ಅಂಟುಪಟ್ಟಿಯ ಕೆಳಬದಿಯಲ್ಲಿ. ಹೀಗೆ ಹೊಡೆದಾಗ ಮೊಳೆಯ ತಲೆ ಮೇಲಿನ ಸಾಲಿನಡಿ ಮುಚ್ಚಿಹೋಗುತ್ತದೆ, ಮಳೆ ಕಾಣುವುದಿಲ್ಲ. ಅದರ ಕಾಂಡವೋ ಕೆಳಗಿನ ಸಾಲಿನ ತಲೆಯಂಚನ್ನೂ ಚುಚ್ಚಿಕೊಂಡು ಹಲಗೆಗೆ ಇಳಿಯುತ್ತದೆ. ಅಂದರೆ ಒಂದೊಂದು ಮೊಳೆ ಎರಡೆರಡು ಸಾಲನ್ನು ಹಿಡಿಯುತ್ತದೆ. ಹಾಳೆಗೆ 4 ಮೊಳೆ ಹೊಡೆದರೂ ಹಿಡಿತ 8 ಮೊಳೆಯದು.

ಈಗ ಅದೇ ಮೊಳೆಯನ್ನು ಎರಡು ಇಂಚು ಮೇಲೆ ಹೊಡೆಯಿರಿ. ಕೆಳ ಅಂಚಿನಿಂದ ಏಳೂವರೆ ಇಂಚಿಗೆ ಬಂತು. ಕೆಳಗಿನ ಸಾಲಿನ ತಲೆಯಂಚು 7 ಇಂಚಿಗೇ ಮುಗಿದಿದೆ; ಮೊಳೆ ಅದಕ್ಕೆ ತಾಗುವುದೇ ಇಲ್ಲ. ಹಿಡಿತ ಅರ್ಧಕ್ಕೆ ಇಳಿಯಿತು. ಮೇಲಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ, ಮೊದಲ ಮಳೆಗಾಲವೂ ಸುಸೂತ್ರ ಕಳೆಯಬಹುದು. ಆಷಾಢದ ಪಡುವಣ ಗಾಳಿ ಹಾಳೆಯ ಅಂಚು ಎಬ್ಬಿಸಿ ಎಬ್ಬಿಸಿ ಬಡಿದಾಗ ಹಾಳೆ ಜಾರುತ್ತದೆ, ಸಂದಿನಲ್ಲಿ ಮಳೆ ನುಗ್ಗುತ್ತದೆ. ನಮ್ಮ ಸದಸ್ಯರ ಮಾಡಿನಲ್ಲಿ ಪಡುವಣ ಇಳಿಜಾರು ಕೆಟ್ಟು ಮೂಡಣದ್ದು ಉಳಿದುದಕ್ಕೆ ಇದೇ ಕಾರಣ. ಹೊಡೆದ ಕೈ ಎರಡು ಕಡೆಯೂ ಒಂದೇ. ಗಾಳಿ ಬಲವಾಗಿರುವಲ್ಲಿ, ಇಳಿಜಾರು ತೀರ ಕಡಿದಾಗಿರುವಲ್ಲಿ ಹಾಳೆಗೆ 4ರ ಬದಲು 6 ಮೊಳೆ ಬೇಕು. ಘಟ್ಟದಂಚಿನ ನಮ್ಮ ಊರುಗಳಲ್ಲಿ ಪಡುವಣ ಮುಖಕ್ಕಾದರೂ 6 ಹೊಡೆಸುವುದು ಲೇಸೆಂದು ನಮ್ಮ ಅಭಿಪ್ರಾಯ. ಮೊಳೆಯ ಖರ್ಚು ಒಟ್ಟು ಕೆಲಸದಲ್ಲಿ ಲೆಕ್ಕಕ್ಕೆ ಬರುವಂಥದ್ದಲ್ಲ.

ಮೊಳೆ ಕೆಳಗಾದರೆ ಇನ್ನೂ ಕೇಡು. ತಲೆ ಬಯಲಿಗೆ ಬಿದ್ದು ನೇರ ಮಳೆ ತಿನ್ನುತ್ತದೆ. ಜಾಗ ಸರಿಯಿದ್ದರೂ ಮೇಲಿನ ಸಾಲಿನ ಎರಡು ಹಾಳೆ ಕೂಡುವ ಸಂದು ಮೊಳೆಯ ತಲೆಯ ಮೇಲೇ ಬರಬಾರದು, ಸಂದಿನಲ್ಲಿ ಇಳಿದ ನೀರಿಗೆ ಅದೇ ದಾರಿ. ಇಟ್ಟಿಗೆ ಕಟ್ಟುವಾಗ ಸಂದು ತಪ್ಪಿಸುವ ಹಾಗೆ ಇಲ್ಲಿಯೂ ತಪ್ಪಿಸತಕ್ಕದ್ದು.

ಇನ್ನು ಹೊಡೆತದ ಬಲ. ಹಿಂದೆ ಸುತ್ತಿಗೆ ಹಿಡಿದ ಬಡಗಿಗೆ ಮೊಳೆ ಎಲ್ಲಿ ನಿಂತಿತೆಂದು ಕೈಗೇ ತಿಳಿಯುತ್ತಿತ್ತು. ಈಗ ಗಾಳಿಯ ಒತ್ತಡದ ಗನ್ನಿನಲ್ಲಿ ಹೊಡೆಯುತ್ತಾರೆ, ಕೆಲಸ ಬೇಗ ಸಾಗುತ್ತದೆ. ಗನ್ನಿನ ಒತ್ತಡವನ್ನು ಬೆಳಿಗ್ಗೆ ಒಮ್ಮೆ ಹೊಂದಿಸಿ ಸಂಜೆಯವರೆಗೆ ಹಾಗೆಯೇ ಹೊಡೆದರೆ ತೊಂದರೆ. ಬೆಳಗಿನ ತಂಪಿಗೆ ಗಟ್ಟಿಯಿದ್ದ ಹಾಳೆ ಏಪ್ರಿಲ್ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗಿರುತ್ತದೆ. ಬೆಳಿಗ್ಗೆ ಸರಿಯಾಗಿ ಕೂತ ಒತ್ತಡಕ್ಕೇ ಮಧ್ಯಾಹ್ನ ಮೊಳೆಯ ತಲೆ ಹಾಳೆಯನ್ನು ಕತ್ತರಿಸಿ ಒಳಗಿಳಿಯುತ್ತದೆ. ಗಾಜಿನ ನಾರು ಹರಿದ ಮೇಲೆ ಆ ಮೊಳೆ ಇದ್ದೂ ಇಲ್ಲದ ಹಾಗೆ. ಗಾಳಿ ಎಳೆದಾಗ ಹಾಳೆ ಮೊಳೆಯ ತಲೆಯಿಂದ ಕಳಚಿ ಬರುತ್ತದೆ. ಇದಕ್ಕೆ ವಿರುದ್ಧವಾಗಿ ಒತ್ತಡ ಸಾಲದೆ ತಲೆ ಎದ್ದು ನಿಂತರೆ, ಮೇಲಿನ ಹಾಳೆ ಅಂಟಿಕೊಳ್ಳುವುದಿಲ್ಲ, ಕಾಲಕ್ರಮದಲ್ಲಿ ಅದೇ ತಲೆ ಮೇಲಿನ ಹಾಳೆಯನ್ನು ಅಡಿಯಿಂದ ತೂತು ಮಾಡುತ್ತದೆ. ಓರೆಯಾಗಿ ಹೊಡೆದ ಮೊಳೆ ಎರಡು ತಪ್ಪನ್ನೂ ಒಟ್ಟಿಗೆ ಮಾಡುತ್ತದೆ: ಒಂದು ಬದಿ ಕತ್ತರಿಸುತ್ತದೆ, ಇನ್ನೊಂದು ಬದಿ ಎದ್ದಿರುತ್ತದೆ. ಮೊಳೆಯ ತಲೆ ಹಾಳೆಯ ಮೈಗೆ ಸಮನಾಗಿ, ಚಪ್ಪಟೆಯಾಗಿ ಕೂರಬೇಕು. ಬೆರಳು ಸವರಿದರೆ ತಿಳಿಯುತ್ತದೆ. ಕೆಲಸ ನಡೆಯುವಾಗ ಯಜಮಾನರು ದಿನಕ್ಕೆ ಎರಡು ಸಲ ಏಣಿ ಹತ್ತಿ ಬೆರಳು ಸವರಿ ನೋಡಿದರೆ ಗುತ್ತಿಗೆಯವರು ಬೇಸರ ಮಾಡಿಕೊಂಡಾರು. ಮಾಡಿಕೊಳ್ಳಲಿ. ಮೇಲಿನ ಸಾಲು ಬಂದ ಮೇಲೆ ನೋಡಲು ಏನೂ ಉಳಿದಿರುವುದಿಲ್ಲ.

ಕೆಲವು ಮಾಡುಗಳಲ್ಲಿ ಎಲ್ಲವೂ ಸರಿಯಾಗಿ ಹೊಡೆದಿದ್ದರೂ ಎರಡು ಮೂರು ವರ್ಷದಲ್ಲಿ ಮೊಳೆ ತಾನಾಗಿ ಮೇಲೇಳುತ್ತದೆ. ಹೊರಗಿನಿಂದ ನೋಡಿದರೆ ಹಾಳೆಯ ಮೇಲೆ ಅಲ್ಲಲ್ಲಿ ಸಣ್ಣ ಗುಳ್ಳೆ ಎದ್ದ ಹಾಗೆ ಕಾಣುತ್ತದೆ. ಇದರ ಮೂಲ ಅಡಿಯ ಹಲಗೆಯಲ್ಲಿದೆ. ಒದ್ದೆ ಮರಕ್ಕೆ ಹೊಡೆದ ಮೊಳೆ ಮರ ಒಣಗಿ ಕುಗ್ಗಿದಾಗ ಸಡಿಲಾಗುವುದೂ, ಮಳೆಗಾಲಕ್ಕೆ ಉಬ್ಬಿ ಬೇಸಗೆಗೆ ಕುಗ್ಗುವ ಹಲಗೆ ಮೊಳೆಯನ್ನು ವರ್ಷಕ್ಕಿಷ್ಟು ಹೊರದೂಡುವುದೂ ನಮ್ಮ ಹಳೆಯ ಮನೆಗಳ ಬಾಗಿಲು ದಾರಂದ ನೋಡಿದವರಿಗೆ ಹೊಸ ಸಂಗತಿಯಲ್ಲ. ಅಂಗಳದಲ್ಲಿ ಒಂದು ವಾರ ಮಳೆಯಲ್ಲಿ ನೆನೆದ ಪ್ಲೈವುಡ್ಡನ್ನು ಹಾಗೆಯೇ ಮೇಲೇರಿಸಿ ಹೊದಿಸುವುದೇ ಈ ಕಾಯಿಲೆಯ ಮುಖ್ಯ ಕಾರಣ. ಪ್ಲೈವುಡ್ ಹಾಳೆಗಳನ್ನು ಒಂದಕ್ಕೊಂದು ಒತ್ತಿ ಕೂರಿಸಿದರೆ ಉಬ್ಬಲು ಎಡೆಯಿಲ್ಲದೆ ಅಂಚು ಮೇಲೇಳುತ್ತದೆ, ಜೊತೆಗೆ ಮೊಳೆಯೂ. ನಡುವೆ 3 ಮಿ.ಮೀ. ಸಂದು ಬಿಡಬೇಕು. ಆ ಸಂದಿನಲ್ಲೇ ಮೊಳೆ ಬಿದ್ದರೆ ಅದು ಏನನ್ನೂ ಹಿಡಿದಿಲ್ಲವೆಂದು ತಿಳಿಯಿರಿ. ಪ್ಲೈವುಡ್ ನೀರು ತಡೆಯುವ ದರ್ಜೆಯದಾಗಿರಲಿ. ಮೆರೈನ್ ಪ್ಲೈವುಡ್ಡಿಗೆ ಐ.ಎಸ್. 710 ಎಂಬ ಗುರುತಿರುತ್ತದೆ. ಅಗ್ಗದ ಒಳಾಂಗಣದ ಪ್ಲೈವುಡ್ ನಮ್ಮ ಮಳೆಗೆ ಪದರ ಬಿಟ್ಟರೆ ಮೊಳೆ ನಿಲ್ಲುವುದೆಲ್ಲಿ?

ಮೊಳೆಯ ಉದ್ದವೂ ಇಲ್ಲಿಗೇ ಸೇರಿದ ವಿಷಯ. ಮೊಳೆ ಹಲಗೆಯೊಳಗೆ ಮುಕ್ಕಾಲು ಇಂಚು, ಅಂದರೆ 19 ಮಿ.ಮೀ. ಇಳಿಯಬೇಕು. ಹಲಗೆ ಅಷ್ಟು ದಪ್ಪವಿಲ್ಲದಿದ್ದರೆ ತುದಿ ಅಡಿಯಲ್ಲಿ 3 ಮಿ.ಮೀ.ಯಾದರೂ ಹೊರಬಂದು ಕಾಣಬೇಕು. ಒಳಗಿನಿಂದ ನೋಡಿದಾಗ ಮೊಳೆಯ ತುದಿ ಕಾಣುವುದು ಅಂದಗೇಡೆಂದು ಗಿಡ್ಡ ಮೊಳೆ ಹೊಡೆಸಿದವರಿದ್ದಾರೆ. ತುದಿ ಕಾಣಬಾರದೆಂದಿದ್ದರೆ ಹಲಗೆ ದಪ್ಪದ್ದು ಹಾಕಿಸಬೇಕೇ ಹೊರತು ಮೊಳೆ ಗಿಡ್ಡದ್ದಲ್ಲ. ಮಾಡಿನ ನೆತ್ತಿಯಲ್ಲಿ ಪದರಗಳು ಹೆಚ್ಚಾಗುವುದರಿಂದ ಅಲ್ಲಿಗೆ ಇನ್ನೂ ಉದ್ದದ ಮೊಳೆ ಬೇಕು. ಒಂದೇ ಅಳತೆಯ ಮೊಳೆಯಲ್ಲಿ ಇಡೀ ಮಾಡು ಮುಗಿಸಿದರೆ ಮೊದಲು ಹಾರುವುದು ನೆತ್ತಿಯ ಸಾಲು.

ಪ್ಲೈವುಡ್ ಬಿಟ್ಟು ಸಿಮೆಂಟ್ ಬೋರ್ಡಿನ ಮೇಲೆ, ಇಳಿಜಾರು ಕಾಂಕ್ರೀಟಿನ ಮೇಲೆ ಹೊದಿಸುವುದೂ ನಮ್ಮಲ್ಲಿ ಉಂಟು. ಮರದ ನಾರು ಮೊಳೆಯನ್ನು ಅಪ್ಪಿ ಹಿಡಿಯುವ ಹಾಗೆ ಸಿಮೆಂಟ್ ಬೋರ್ಡ್ ಹಿಡಿಯುವುದಿಲ್ಲ, ಮೊಳೆಯ ಸುತ್ತ ಪುಡಿಯಾಗುತ್ತದೆ. ಕಾಂಕ್ರೀಟಿನಲ್ಲಿ ಮೊಳೆ ಹೊಕ್ಕಲ್ಲಿ ಸುತ್ತಲೂ ಚಕ್ಕೆ ಎದ್ದು ಸಡಿಲಾಗುವ ಸಂಭವ ಹೆಚ್ಚು. ಇಂಥ ಕಡೆ ಸಾಧಾರಣ ಮೊಳೆಯನ್ನೇ ನಂಬಿ ಕೂರುವಂತಿಲ್ಲ. ಯಾವ ಮೊಳೆ ಅಥವಾ ತಿರುಪು, ಎಷ್ಟು ಅಂಟು ಎಂಬುದನ್ನು ಮಾಲಿನ ಜೊತೆಗೆ ಬರುವ ಕಂಪೆನಿಯ ಕಾಗದ ಓದಿ ನಿರ್ಧರಿಸತಕ್ಕದ್ದು.

ತುಕ್ಕಿನ ವಿಚಾರದಲ್ಲಿ ಅಡಿಕೆ ಬೆಳೆಗಾರರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬೋರ್ಡೋ ದ್ರಾವಣ ಕೂಡಿಸಿದಾಗ ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವೆ; ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ತಾಮ್ರ ಕೆಂಪಗೆ ಕೂರುತ್ತದೆ. ಅಲ್ಲಿ ತಾಮ್ರ ಕೂತಷ್ಟೂ ಕಬ್ಬಿಣ ಕರಗಿ ಹೋಗಿರುತ್ತದೆ. ಮೈಲುತುತ್ತವನ್ನು ಕಬ್ಬಿಣದ ಅಥವಾ ತಗಡಿನ ಪಾತ್ರೆಯಲ್ಲಿ ಕರಗಿಸಬಾರದೆಂಬುದೂ ಇದೇ ಕಾರಣಕ್ಕೆ. ಗೆದ್ದಲು ಹಿಡಿಯದಿರಲೆಂದು ತಾಮ್ರದ ಔಷಧಿ ಕುಡಿಸಿದ ಮರವನ್ನು ಈಗ ಮಾಡಿಗೆ ಬಳಸುತ್ತಾರೆ. ಅಂಥ ಮರ ಒದ್ದೆಯಾದಾಗ ಸಾದಾ ಮೊಳೆಗೂ, ತೆಳುವಾಗಿ ಸತು ಹಚ್ಚಿದ ಮೊಳೆಗೂ ಕತ್ತಿಯ ಅಲಗಿಗೆ ಆದ ಗತಿಯೇ ಆಗುತ್ತದೆ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಮೊಳೆಯನ್ನೇ ಕೇಳಿ ತೆಗೆದುಕೊಳ್ಳಿ. ಅದು ಮಂಕು ಬೂದು ಬಣ್ಣದ್ದು, ಮೈ ತುಸು ಒರಟು. ವಿದ್ಯುತ್ತಿನಿಂದ ತೆಳುವಾಗಿ ಸತು ಕೂರಿಸಿದ್ದು ನುಣ್ಣಗೆ ಫಳಫಳ ಹೊಳೆಯುತ್ತದೆ. ಹೊಳಪಿಗೆ ಮರುಳಾಗಬೇಡಿ. ಮೊಳೆಯ ತಲೆ ಅಗಲವಾಗಿ, 9.5 ಮಿ.ಮೀ.ಗೆ ಕಡಿಮೆಯಿಲ್ಲದಂತಿರಬೇಕು, ರೀಪಿಗೆ ಹೊಡೆದು ಉಳಿದ ಸಣ್ಣ ತಲೆಯ ಮೊಳೆ ಮನೆಯಲ್ಲಿ ಬಿದ್ದಿದೆ ಎಂದು ಇದಕ್ಕೆ ಕೊಡಬಾರದು. ಪಾಚಿ ಕಟ್ಟದಿರಲೆಂದು ಕೆಲವರು ನೆತ್ತಿಗೆ ತಾಮ್ರದ ಪಟ್ಟಿ ಹಾಕಿಸುತ್ತಾರೆ. ಪಾಚಿಗೆ ಅದು ಒಳ್ಳೆಯ ಉಪಾಯವೇ. ಆದರೆ ಆ ನೀರು ಸತುವಿನ ತಗಡಿನ ದೋಣಿಗೆ ಇಳಿದರೆ ದೋಣಿ ಬೇಗ ತೂತಾಗುತ್ತದೆ.

ಒಂದು ಎಚ್ಚರಿಕೆ: ಮೊಳೆಯ ತುದಿಯಿಂದ ತೊಟ್ಟಿಕ್ಕುವ ನೀರೆಲ್ಲ ಮಳೆಯದಲ್ಲ. ಅಡಿಕೆ ಬೇಯಿಸುವ ಹಂಡೆಯ ಹಬೆ, ಬಚ್ಚಲ ಹಬೆ ಅಟ್ಟಕ್ಕೇರಿ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ, ಚಳಿಗಾಲದ ರಾತ್ರಿ ತಣ್ಣಗಾದ ಮೊಳೆಯ ತುದಿಗಳಲ್ಲಿ ಇಬ್ಬನಿಯ ಹಾಗೆ ಕೂತು ಹನಿಯುತ್ತದೆ. ಮಳೆ ಬಾರದ ಡಿಸೆಂಬರಿನಲ್ಲೂ ಮೊಳೆಗಳ ಸಾಲಿಗೆ ಸರಿಯಾಗಿ ಕಲೆ ಬಿದ್ದರೆ ಅದು ಹಬೆ. ಒಂದು ಕಡೆ ಶುರುವಾಗಿ ಗೆರೆಯಾಗಿ ಹರಿದ ಕಲೆ ಸಾಮಾನ್ಯವಾಗಿ ಸೋರಿಕೆ. ಹಬೆಯ ಕಾಟಕ್ಕೆ ಮಾಡು ಬಿಚ್ಚಬೇಕಾಗಿಲ್ಲ, ಸೂರಿನಲ್ಲೂ ನೆತ್ತಿಯಲ್ಲೂ ಗಾಳಿ ಆಡಲು ಬಿಟ್ಟರೆ ಸಾಕು. ಇದನ್ನು ತಿಳಿಯದೆ ಡಾಂಬರು ಬಳಿದು ಇದ್ದ ಗಾಳಿಗಂಡಿಯನ್ನೂ ಮುಚ್ಚಿಸಿದವರನ್ನು ನಾವು ಕಂಡಿದ್ದೇವೆ.

ಎದ್ದ ಮೊಳೆಯನ್ನು ಕಂಡೊಡನೆ ಸುತ್ತಿಗೆಯಿಂದ ಮತ್ತೆ ಬಡಿಯುವುದು ಎಲ್ಲರಿಗೂ ಮೊದಲು ತೋಚುವ ಉಪಾಯ. ಹಿಡಿತ ಕಳೆದುಕೊಂಡ ತೂತಿಗೆ ಅದೇ ಮೊಳೆ ಮುಂದಿನ ವರ್ಷದವರೆಗೂ ನಿಲ್ಲುವುದಿಲ್ಲ. ಅದನ್ನು ಕಿತ್ತು, ತೂತಿಗೆ ಮಾಡಿನ ಡಾಂಬರು ಮೆತ್ತಿ, ಪಕ್ಕದಲ್ಲಿ ಗಟ್ಟಿ ಜಾಗ ನೋಡಿ ಹೊಸ ಮೊಳೆ ಹೊಡೆದು, ತಲೆಯ ಮೇಲೂ ಸ್ವಲ್ಪ ಡಾಂಬರು ಸವರಿ, ಎಬ್ಬಿಸಿದ ಹಾಳೆಯನ್ನು ಅಡಿಗೆ ಡಾಂಬರು ಹಚ್ಚಿ ಒತ್ತಬೇಕು. ಈ ಕೆಲಸಕ್ಕೆ ಬೆಳಗಿನ ತಂಪು ಹೊತ್ತೇ ಸರಿ. ಬಿಸಿಲೇರಿದ ಮೇಲೆ ಅಂಟುಪಟ್ಟಿ ಹಾಳೆಯನ್ನು ಬಿಡದೆ ಹಾಳೆಯೇ ಹರಿಯುತ್ತದೆ. ಮಾಡಿನ ಮೇಲೆ ಪಾಚಿಯಿದ್ದರೆ ಕಾಲು ಜಾರುತ್ತದೆ, ಸೊಂಟಕ್ಕೆ ಹಗ್ಗವಿಲ್ಲದೆ ಆಳನ್ನು ಹತ್ತಿಸಬೇಡಿ.

ಹೊಸದಾಗಿ ಹೊದಿಸುವವರು ಕಾಲ ನೋಡುವುದೂ ಅವಶ್ಯ. ಹಾಳೆಯ ಅಂಟುಪಟ್ಟಿ ಬಿಸಿಲಿನ ಕಾವಿಗೆ ಕರಗಿ ಹಿಡಿಯುವಂಥದ್ದು. ಮೇ ಕೊನೆಗೆ ಅವಸರದಲ್ಲಿ ಹೊದಿಸಿದ ಮಾಡಿಗೆ ಬಿಸಿಲು ಕಾಣುವುದು ಸೆಪ್ಟೆಂಬರಿಗೆ. ಅಲ್ಲಿಯವರೆಗೆ ಇಡೀ ಮಳೆಗಾಲದ ಗಾಳಿಯನ್ನು ಮೊಳೆಯೊಂದೇ ತಡೆಯಬೇಕು. ಕಾಫಿ ಕೊಯ್ಲು ಮುಗಿದು ಹೂಮಳೆ ಬಿದ್ದ ನಂತರ, ಮಾರ್ಚ್ ಏಪ್ರಿಲಿನಲ್ಲಿ ಈ ಕೆಲಸ ಮುಗಿಸಿದರೆ ಅಂಟು ಹಿಡಿಯಲು ಬಿಸಿಲು ಸಿಗುತ್ತದೆ. ಗುತ್ತಿಗೆ ಮಾತಾಡುವಾಗ ಚದರ ಅಡಿಯ ದರ ಒಂದನ್ನೇ ಬರೆಸಿಕೊಳ್ಳದೆ, ಮೊಳೆಯ ಜಾತಿ, ಉದ್ದ, ಹಾಳೆಗೆ ಎಷ್ಟು ಎಂಬುದನ್ನೂ ಕಾಗದದ ಮೇಲೆ ಬರೆಸಿ, ಕೊನೆಯ ಕಂತನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವಂತೆ ಕೇಳಿ ನೋಡಿ. ಎಲ್ಲರೂ ಒಪ್ಪುವುದಿಲ್ಲ. ಒಪ್ಪುವವರೂ ಇದ್ದಾರೆ.

ನಮ್ಮ ಸದಸ್ಯರು ಗುತ್ತಿಗೆಯವರನ್ನು ಕರೆಸಿ, ಎಬ್ಬಿಸಿದ ಹಾಳೆಗಳನ್ನೂ ಗೆರೆ ತಪ್ಪಿದ ಮೊಳೆಗಳನ್ನೂ ತೋರಿಸಿದರು. ಬಹಳ ಮಾತಿನ ನಂತರ ಮಾಲು ಇವರದು, ಕೂಲಿ ಅವರದು ಎಂಬ ಒಪ್ಪಂದಕ್ಕೆ ಬಂದಿದ್ದಾರೆ. ಪಡುವಣ ಇಳಿಜಾರನ್ನು ಪೂರ್ತಿ ಬಿಚ್ಚಿ, ಉಬ್ಬಿದ ಮೂರು ಪ್ಲೈವುಡ್ ಹಾಳೆ ಬದಲಿಸಿ, ಹಾಳೆಗೆ 6 ಮೊಳೆಯಂತೆ ಮತ್ತೆ ಹೊದಿಸುವುದೆಂದು ನಿಶ್ಚಯ. ಮೊಳೆ ಹೊಡೆಯುವಾಗ ನಮ್ಮ ಆಚಾರ್ರು ಪಕ್ಕದಲ್ಲಿ ನಿಂತಿರಬೇಕೆಂಬ ಷರತ್ತನ್ನು ಯಜಮಾನರ ಮನೆಯವರೇ ಹಾಕಿದರಂತೆ. ಬೂಷ್ಟು ಹಿಡಿದ ನಾಲ್ಕು ಚೀಲ ಹೋದ ಬೆಲೆಗೆ ಹೋಯಿತು. ಉಳಿದ ಅಡಿಕೆಯನ್ನು ಸದ್ಯಕ್ಕೆ ಕೆಳಗಿನ ಹಳೆಯ ಹಂಚಿನ ಮನೆಯ ಅಟ್ಟಕ್ಕೆ ಸಾಗಿಸಿದ್ದಾರೆ.